ಹಳಿ ಐತಿ

ದಾದರದ ಟೀಟಿ ಅಂದರೆ ಏನೆಂದು
ಇಲ್ಲಿ ಬಸ್ಸಿಳಿಯುವ ಯಾರನ್ನಾದರೂ ಕೇಳಿ.
ಟೀಟಿ ಅಂದರೆ ಟೀಟಿ, ಅಷ್ಟೇ.
ವಡಾಪಾವ್ ತಿನ್ನುವ ಜಾಗ,
ಪುಣೆ ಪುಣೆ ಪುಣೆ ಅಂತ ಕೂಗುವವರ ಜಾಗ,
ಟ್ಯಾಕ್ಸಿಯವ ಎಡಕ್ಕೆ ತಿರುಗಿಸುತ್ತ ಯಾರಿಗೋ ಬೈಯುವ ಜಾಗ.
ಟ್ರಾಮು ಅಲ್ಲಿ ಬಂದು ಹೊರಳುತ್ತಿತ್ತೆಂಬುದು
ಆ ಹೆಸರಿಗೇ ಮರೆತುಹೋಗಿದೆ.

ನನ್ನಜ್ಜ ಪರೂತಪ್ಪ, ಅಕ್ಕಲಕೋಟೆ ಕಡೆಯವ,
ಅಲ್ಲಿ ಕಾಂಟಾ ಹುಡುಗ.
ಕೈಯಲ್ಲಿ ಎರಡು ಮೊಳದ ಸಲಾಕೆ.
ಗಂಟೆ ಕೇಳಿದ್ದೇ ಓಡಿ
ಹಳಿಯ ನಾಲಗೆ ಮೀಟಿ
ಬದಿಗೆ ಸರಿಯಬೇಕು, ಅದೇ ನೌಕರಿ.
"ಮುಂಬಯಿ ಮಂದೀಗೆಲ್ಲ ದಾರಿ ತಿರುವೀನಿ,
ಒಬ್ಬ ಮಗನೂ ಕೆಳಗ ನೋಡಲಿಲ್ಲ" ಅನ್ನುತ್ತಿದ್ದ.
ಒಮ್ಮೆ ಮೀಟುವುದು ಮರೆತು
ದಾದರಕ್ಕೆ ಇಳಿಯಬೇಕಾದ ದಿಬ್ಬಣವನ್ನು
ಕಿಂಗ್ಸ್ ಸರ್ಕಲಿನ ದಾರಿಗೆ ಬಿಟ್ಟನಂತೆ.
ಮದುಮಗ ಇಳಿದು ಓಡಿಬಂದ,
ಬಾಸಿಂಗ ಕೈಯಲ್ಲಿ.
ಇದನ್ನು ಹೇಳುವಾಗ ಮಾತ್ರ ಅಜ್ಜ
ಕೆಮ್ಮು ಬರುವವರೆಗೂ ನಗುತ್ತಿದ್ದ.

ಅರವತ್ತನಾಲ್ಕರಲ್ಲಿ ಟ್ರಾಮು ನಿಂತಿತು.
ಡಿಪೋದಲ್ಲಿ ಬಸ್ಸು ಒರೆಸು ಅಂದರು, ಒರೆಸಿದ.
ಸಲಾಕೆ ವಾಪಸು ಕೇಳಲು ಯಾರಿಗೂ ನೆನಪಾಗಲಿಲ್ಲ.
ನಮ್ಮ ನಾಯಗಾಂವದ ಖೋಲಿಯ ಬಾಗಿಲಿಗೆ
ಈಗಲೂ ಅದೇ ಅಗುಳಿ.

ಮುನಸಿಪಾಲ್ಟಿಯ ಕನ್ನಡ ಶಾಲೆಗೆ ನನ್ನನ್ನು ಬಿಡಲು
ಕೈಹಿಡಿದು ರಸ್ತೆ ದಾಟಿಸುತ್ತಿದ್ದ.
ಮೂವತ್ತು ವರ್ಷದ ಡಾಂಬರು,
ಅದರ ನಟ್ಟನಡುವೆ ತಟ್ಟನೆ
"ಕಾಲ ಎತ್ತವ್ವ, ಹಳಿ ಐತಿ."
ಎತ್ತುತ್ತಿದ್ದೆ.
ಎರಡು ಹೆಜ್ಜೆ ಬಿಟ್ಟು ಇನ್ನೊಮ್ಮೆ.
ಅವನ ಧೋತರದ ಚುಂಗು, ನನ್ನ ಬಿಳಿ ಸಾಕ್ಸು,
ಮೈಮೇಲೆ ಬರುವಂತೆ ಹಾರ್ನು ಬಾರಿಸುವ ಬಸ್ಸು.
ಒಂದು ದಿನ ಹಿಂದೆ ಬರುತ್ತಿದ್ದ ಕೋಟಿನವನೊಬ್ಬ
ಏನೋ ಇದ್ದೀತು ಅಂತ ತಾನೂ ಎತ್ತಿದ.
ಅಜ್ಜ ಸತ್ತ ಮೇಲೂ ನಾನು ಎತ್ತುತ್ತಿದ್ದೆ,
ಕಾಲೇಜಿಗೆ ಹೋಗುವಾಗ, ಗೆಳತಿಯರು ಕಂಡಾರೆಂದು
ಅರ್ಧ ಮಾತ್ರ.

ಈಗ ನಾನು ನೀರಿನ ಪೈಪಿನ ಕಂತ್ರಾಟಿನಲ್ಲಿ ಸೂಪರ್‌ವೈಜರು.
ಹೋದ ಗುರುವಾರ ರಾತ್ರಿ ಒಂದೂವರೆಗೆ
ಜೇಸೀಬಿಯ ಹಲ್ಲು ಠಣ್ಣೆಂದಿತು.
"ಲೋಹಾ ಹೈ ಮೇಡಮ್" ಅಂದ ಮುಜಾವರ.
ಇಳಿದೆ.
ಡಾಂಬರು, ಡಾಂಬರಿನ ಕೆಳಗೆ ಇನ್ನೊಂದು ಡಾಂಬರು,
ಆಮೇಲೆ ಕರಿಕಲ್ಲಿನ ಹಾಸು,
ಕಲ್ಲಿನ ನಡುವೆ ಅದು.
ಗಾಲಿ ಕೂರುವ ಸಂದಿನಲ್ಲಿ ಮಣ್ಣು ಕಲ್ಲಾಗಿತ್ತು.
ಕೀಲಿಕೈಯಿಂದ ಕೆದರಿದೆ, ಸೋಡಾದ ಗೋಲಿಯೊಂದು
ಹಸಿರಾಗಿ ಹೊರಬಿತ್ತು.

ಟೇಪು ಹಿಡಿದು ಅಳೆದೆ. ಅಳೆಯಬಾರದಿತ್ತು.
ಫ್ಲೈಓವರಿನ ಕಂಬದಿಂದ ನಾವು ಕಾಲೆತ್ತುವ ಜಾಗಕ್ಕೂ
ಈ ಹಳಿಗೂ ಹನ್ನೊಂದೂವರೆ ಅಡಿ.
ಅಷ್ಟು ವರ್ಷ ನಾವಿಬ್ಬರು
ಏನೂ ಇಲ್ಲದಲ್ಲಿ ಕಾಲೆತ್ತಿ
ಹಳಿಯ ಮೇಲೆ ನಿಶ್ಚಿಂತೆಯಾಗಿ ತುಳಿದಿದ್ದೇವೆ.
ಅಜ್ಜ ತಪ್ಪಿದನೋ, ಫುಟ್‌ಪಾತು ಜರುಗಿತೋ,
ರಸ್ತೆಯೇ ನಿದ್ದೆಯಲ್ಲಿ ಮಗ್ಗುಲು ಬದಲಿಸಿತೋ,
ನನ್ನ ನಕ್ಷೆಯಲ್ಲಿ ಅದಕ್ಕೆ ಗೆರೆಯಿಲ್ಲ.

"ಕಾಟೂ ಕ್ಯಾ?" ಅಂದ ಮುಜಾವರ, ಗ್ಯಾಸು ಹಚ್ಚಿಕೊಂಡು.
ಐದಕ್ಕೆ ನೀರು ಬಿಡಬೇಕಿತ್ತು.
ಕಾಟೋ ಅಂದೆ.
ನೀಲಿ ಬೆಳಕು, ಕಿಡಿ,
ಟ್ರಾಮಿನ ನೆತ್ತಿಯ ಕೋಲು ತಂತಿಗೆ ತಾಗಿದಾಗ
ಇಂಥದೇ ಉದುರುತ್ತಿತ್ತಂತೆ. ಅಂತೆ.
ನನಗೇನು ಗೊತ್ತು.

ಬೆಳಗ್ಗೆ ತಗ್ಗಿನ ಮೇಲೆ ಕಬ್ಬಿಣದ ತಗಡು ಹಾಸಿ
ಮನೆಗೆ ಹೊರಟೆ.
ಹೂವಿನ ಮಂಡಿಗೆ ಹೋಗುವವರು, ಹಾಲಿನವರು,
ತಗಡಿನ ಅಂಚಿಗೆ ಎಲ್ಲರೂ ಕಾಲೆತ್ತುತ್ತಿದ್ದರು.
ನಾನೂ ಎತ್ತಿದೆ.
ಹನ್ನೊಂದೂವರೆ ಅಡಿ ನಡೆದು,
ಮತ್ತೆ ಎತ್ತಿದೆ, ಪೂರ್ತಿ.
ಫೋನು ನೋಡುತ್ತ ಬಂದ ಹುಡುಗ ಬೆನ್ನಿಗೆ ಡಿಕ್ಕಿ ಹೊಡೆದು
"ಕಾಯ್ ಝಾಲಂ?" ಅಂದ.
ಹೇಳಬಹುದಿತ್ತು.
ಅವನಿಗೆ ಆರು ಇಪ್ಪತ್ತರ ಲೋಕಲ್ಲು ಹಿಡಿಯಬೇಕಿತ್ತು.